ಸರ್ಕಾರಿ ಶಾಲೆ ಮೈದಾನ, ಸಂಜೆ ಐದೂವರೆ ಮೇಲೆ: ಒಬ್ಬ ಪಿಟಿ ಟೀಚರ್ ಅಜ್ಜಿಯ ರಿವ್ಯೂ

ಐದಕ್ಕೆ ಮೂರೂವರೆ ಅಂಕ. ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೂ ಹುಡುಕುವುದು ಬೇಡ. ಕಳೆದ ಒಂದೂವರೆಯಲ್ಲಿ ಒಂದು ಜಾರುಬಂಡಿಯ ಕೆಳಗೆ ಹಾಕಿರುವ ಸಿಮೆಂಟಿಗೆ. ಉಳಿದ ಅರ್ಧ ಶೌಚಾಲಯದ ಬೀಗಕ್ಕೆ.

ನಾನು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ. ಹೊನ್ನಾಳಿ, ಹರಿಹರದ ಕಡೆ ಸರ್ಕಾರಿ ಶಾಲೆಗಳಲ್ಲಿ ಸೀಟಿ ಊದಿಕೊಂಡೇ ಸರ್ವಿಸ್ ಮುಗಿಸಿದವಳು. ಈಗ ದಾವಣಗೆರೆಯಲ್ಲಿ ಮಗಳ ಮನೆ ಹತ್ತಿರ ಇದ್ದೇನೆ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಸಂಜೆ ಮೊಮ್ಮಕ್ಕಳು ನನ್ನ ಪಾಲು. ದೊಡ್ಡವಳು ಚಿನ್ನಿ, ಐದು ತುಂಬಿದೆ. ಚಿಕ್ಕವನು ಗುಂಡ, ಇನ್ನೂ ಮೂರಾಗಿಲ್ಲ. ಈ ವಯಸ್ಸಿನ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಹತ್ತು ದಾಟಿದ ಮಕ್ಕಳಿಗೆ ರಿವ್ಯೂ ಏನೂ ಬೇಡ. ಅವರು ಕಾಂಪೌಂಡ್ ಹಾರಿಯಾದರೂ ಹೋಗುತ್ತಾರೆ.

ಮೈದಾನ ಇರುವುದು ನಮ್ಮ ಬಡಾವಣೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಹೆಸರು ಹಾಕುವುದಿಲ್ಲ. ಹಾಕಿದರೆ ನಾಳೆ ಹೆಡ್‌ಮಾಸ್ಟರಿಗೆ ಯಾರೋ ಫೋನ್ ಮಾಡುತ್ತಾರೆ, ನಾಡಿದ್ದು ಗೇಟಿಗೆ ಬೀಗ ಬೀಳುತ್ತದೆ. ಇಲಾಖೆಯಲ್ಲಿ ಇದ್ದವಳಿಗೆ ಇಷ್ಟಾದರೂ ಗೊತ್ತಿರಬೇಕಲ್ವಾ? ಇಂಥದ್ದೊಂದು ಶಾಲೆ ನಿಮ್ಮ ಏರಿಯಾದಲ್ಲೂ ಇರುತ್ತದೆ. ನಾನು ಇಲ್ಲಿ ನೋಡಿದ್ದನ್ನು ನೀವು ಅಲ್ಲಿ ನೋಡಿ.

ಇದರ ದೊಡ್ಡ ಗುಣ ಅಂದರೆ ಗೇಟು. ಶಾಲೆ ಬಿಟ್ಟ ಮೇಲೆ ದೊಡ್ಡ ಗೇಟು ಮುಚ್ಚುತ್ತಾರೆ. ಪಕ್ಕದ ಸಣ್ಣ ಗೇಟು ಕತ್ತಲಾಗುವವರೆಗೆ ತೆರೆದಿರುತ್ತದೆ. ಎಸ್‌ಡಿಎಂಸಿಯವರು, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯವರು, ಮಾತಾಡಿಕೊಂಡು ಎದುರು ಮನೆಯವರ ಕೈಗೆ ಬೀಗದ ಕೈ ಕೊಟ್ಟಿದ್ದಾರೆ. ದುಡ್ಡಿಲ್ಲ, ಪಾಸಿಲ್ಲ, ರಿಜಿಸ್ಟರಿನಲ್ಲಿ ಸಹಿ ಇಲ್ಲ. ಎಷ್ಟೋ ಊರಲ್ಲಿ ಶಾಲೆ ಮೈದಾನ ಸಂಜೆ ಆಗುತ್ತಿದ್ದ ಹಾಗೆ ಜೈಲಿನ ಅಂಗಳ ಆಗುತ್ತದೆ. ಮಕ್ಕಳು ರಸ್ತೆಯಲ್ಲಿ ಬೈಕುಗಳ ನಡುವೆ ಆಡುತ್ತಾರೆ, ಒಳಗೆ ಎರಡು ಎಕರೆ ಖಾಲಿ ಬಿದ್ದಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಎನ್ನುತ್ತದೆ. ಅದು ಸರಿ. ಆದರೆ ಇರುವ ಮೈದಾನ ಸಂಜೆ ನಾಲ್ಕೂವರೆಗೇ ಮುಚ್ಚಿಹೋದರೆ ಓಣಿಯ ಮಕ್ಕಳಿಗೆ ಏನು ಬಂತು? ಈ ವಿಷಯದಲ್ಲಿ ನಮ್ಮ ಶಾಲೆಯವರಿಗೆ ಐದಕ್ಕೆ ಆರು ಕೊಟ್ಟರೂ ತಪ್ಪಿಲ್ಲ.

ಒಂದು ಮರ್ಯಾದೆ ಮಾತ್ರ ನಾವು ಇಟ್ಟುಕೊಳ್ಳಬೇಕು. ಶಾಲೆ ನಡೆಯುವಾಗ ಒಳಗೆ ಹೋಗಬಾರದು. "ಮಗು ಅಳ್ತಾ ಇದೆ, ಐದು ನಿಮಿಷ ಜೋಕಾಲಿ ಆಡಿಸ್ಕೊಂಡು ಹೋಗ್ತೀವ್ರಿ" ಎಂದು ಮೂರು ಗಂಟೆಗೆ ಬಂದು ನಿಲ್ಲುವವರನ್ನು ನೋಡಿದ್ದೇನೆ. ಮೂರನೇ ಕ್ಲಾಸಿನ ಇಡೀ ರೂಮು ಕಿಟಕಿಗೆ ಬಂದು ನೇತಾಡುತ್ತದೆ. ಆ ಟೀಚರ್ ಪಾಡು ನನಗೆ ಗೊತ್ತು.

ಇನ್ನು ನೆಲ. ನಾನು ಯಾವ ಮೈದಾನಕ್ಕೆ ಹೋದರೂ ಮೊದಲು ನೋಡುವುದು ನೆಲ. ಇಲ್ಲಿ ಅಡಿಯಲ್ಲಿರುವುದು ಎರೆಮಣ್ಣು. ಅದರ ಮೇಲೆ ಗರಸು ಹೊಡೆಸಿದ್ದಾರೆ. ಒಳ್ಳೆ ಕೆಲಸ. ಇಲ್ಲದಿದ್ದರೆ ಮಳೆ ಬಿದ್ದ ದಿನ ಒಂದೊಂದು ಚಪ್ಪಲಿಯೂ ಎರಡು ಕೆಜಿ ಆಗುತ್ತಿತ್ತು. ನೀರು ಮೂಡಣ ಗೋಡೆ ಕಡೆಗೆ ಹರಿದು ಹೋಗುತ್ತದೆ. ಮಳೆ ನಿಂತ ಮಾರನೇ ದಿನ ಆಡಬಹುದು. ಆದರೆ ಗೋಡೆ ಪಕ್ಕ ಗರಸು ತೆಳುವಾಗಿದೆ. ಬೇಸಿಗೆಯಲ್ಲಿ ಅಲ್ಲಿ ನೆಗ್ಗಿಲ ಮುಳ್ಳು. ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನೋಡುತ್ತಲೇ ಇರುತ್ತದೆ. ಮಳೆಗಾಲದ ಹೊತ್ತಿಗೆ ಅದೇ ಜಾಗದಲ್ಲಿ ಕಾಂಗ್ರೆಸ್ ಗಿಡ ಸೊಂಟದವರೆಗೆ ಬೆಳೆಯುತ್ತದೆ. ಮುಟ್ಟಿದರೆ ಕೆಲವು ಮಕ್ಕಳಿಗೆ ಮೈ ತುರಿಕೆ, ಗಂಧೆ. ಉಬ್ಬಸ ಇರುವ ಮಕ್ಕಳನ್ನಂತೂ ಅದು ಹೂ ಬಿಟ್ಟಾಗ ಆ ಕಡೆ ಬಿಡಲೇಬೇಡಿ.

ಸೋಮವಾರ ಸಂಜೆ ಹೋಗುವವರು ಮೊದಲು ಒಂದು ಸುತ್ತು ನಡೆದು ನೋಡಿ. ಭಾನುವಾರ ರಾತ್ರಿ ಗೋಡೆ ಹಾರಿ ಬರುವ ಪುಣ್ಯಾತ್ಮರು ವೇದಿಕೆ ಹಿಂದೆ ಬಾಟಲಿ ಒಡೆದು ಹೋಗಿರುತ್ತಾರೆ. ನಾನು ಒಂದು ಹಳೇ ಗೋಣಿಚೀಲ, ಪೊರಕೆ ಅಲ್ಲೇ ಮೂಲೆಯಲ್ಲಿ ಇಟ್ಟಿದ್ದೇನೆ. ಬಿಸಿಯೂಟದ ಅಡುಗೆಯ ಇಬ್ಬರು ಹೆಣ್ಣುಮಕ್ಕಳೂ ಬೆಳಿಗ್ಗೆ ಬಂದು ಗುಡಿಸುತ್ತಾರೆ. ಅದು ಅವರ ಕೆಲಸ ಅಲ್ಲ. ಆದರೂ ಮಾಡುತ್ತಾರೆ. ಮಕ್ಕಳಿಗೆ ಚಪ್ಪಲಿ ಬೇಡ, ಹಿಂದೆ ಬೆಲ್ಟ್ ಇರುವ ಸ್ಯಾಂಡಲ್ ಅಥವಾ ಶೂ ಹಾಕಿಸಿ. ಬರಿಗಾಲಲ್ಲಿ ಆಡಿದರೆ ಕಾಲು ಗಟ್ಟಿಯಾಗುತ್ತದೆ ಎನ್ನುವ ಮಾತು ನನಗೂ ಇಷ್ಟವೇ. ಆದರೆ ಆ ಮಾತು ಹುಟ್ಟಿದ ಕಾಲದಲ್ಲಿ ಇಷ್ಟು ಬಾಟಲಿ ಇರಲಿಲ್ಲ.

ಆಟದ ಸಾಮಾನು ನಾಲ್ಕು ಇವೆ. ಜಾರುಬಂಡಿ, ಎರಡು ಹಲಗೆಯ ಜೋಕಾಲಿ, ಒಂದು ಸೀಸಾ, ಒಂದು ತಿರುಗೋ ಚಕ್ರ. ಚಕ್ರ ತಿರುಗುವುದಿಲ್ಲ, ಬಿಡಿ. ಮಕ್ಕಳು ಅದನ್ನು ಬಸ್ಸು ಮಾಡಿಕೊಂಡಿದ್ದಾರೆ. ಗುಂಡ ಕಂಡಕ್ಟರ್.

ಜಾರುಬಂಡಿ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ತಗಡಿನದು. ಮುಖ ಪಶ್ಚಿಮಕ್ಕೆ. ಯಾರು ಹಾಗೆ ನಿಲ್ಲಿಸಿದರೋ! ದಾವಣಗೆರೆ ಏಪ್ರಿಲ್ ಬಿಸಿಲು ಮಧ್ಯಾಹ್ನದಿಂದ ನೇರ ಅದರ ಮೇಲೆ. ನಾಲ್ಕೂವರೆಗೆ ಅದರಲ್ಲಿ ರೊಟ್ಟಿ ಬೇಯಿಸಬಹುದು. ಮಕ್ಕಳ ಚರ್ಮ ನಮ್ಮದಕ್ಕಿಂತ ತೆಳು. ನಮಗೆ ಬರೀ ಬಿಸಿ ಅನಿಸಿದ್ದು ಅವರಿಗೆ ಸುಡುತ್ತದೆ. ಅದಕ್ಕೇ ಶೀರ್ಷಿಕೆಯಲ್ಲಿ ಐದೂವರೆ ಅಂತ ಬರೆದದ್ದು. ಅಷ್ಟೊತ್ತಿಗೆ ಹೊಸ ಕಟ್ಟಡದ ನೆರಳು ಬೀಳುತ್ತದೆ. ಆಗಲೂ ನಿಮ್ಮ ಕೈಯ ಹಿಂಭಾಗ ಇಟ್ಟು ನೋಡಿ. ಅಂಗೈ ಬೇಡ. ಪಾತ್ರೆ ಹಿಡಿದು ಹಿಡಿದು ನಮ್ಮ ಅಂಗೈ ಮೊಂಡಾಗಿರುತ್ತದೆ.

ಮಕ್ಕಳು ಇಳಿದು ಬೀಳುವ ಜಾಗಕ್ಕೆ ಸಿಮೆಂಟ್ ಹಾಕಿದ್ದಾರೆ. ಕೆಸರಾಗುತ್ತದೆ ಅಂತ ಹಾಕಿಸಿದರಂತೆ. ಕೆಸರು ತೊಳೆದರೆ ಹೋಗುತ್ತದೆ, ಒಡೆದ ಗಲ್ಲ ಹೋಗುವುದಿಲ್ಲ. ಅಲ್ಲಿ ಒಂದಡಿ ಆಳ ತೆಗೆದು ಮರಳು ತುಂಬಬೇಕು, ಅಷ್ಟೇ. ಎಸ್‌ಡಿಎಂಸಿ ಅಧ್ಯಕ್ಷರಿಗೆ ಹೇಳಿದ್ದೇನೆ. "ಮಾಡಿಸೋಣ್ರಿ ಮೇಡಂ" ಎಂದಿದ್ದಾರೆ. ಸರ್ವಿಸ್ ಪೂರ್ತಿ ಕೇಳಿದ ಮಾತು ಅದು. ಸದ್ಯಕ್ಕೆ ನಾನು ಕೆಳಗೆ ನಿಂತುಕೊಳ್ಳುತ್ತೇನೆ.

ಚಿಕ್ಕವರನ್ನು ತೊಡೆ ಮೇಲೆ ಕೂರಿಸಿಕೊಂಡು ತಾವೇ ಜಾರುವ ಅಪ್ಪ ಅಮ್ಮಂದಿರು ಇದ್ದಾರೆ. ನೋಡಲು ಚೆಂದ. ದಯವಿಟ್ಟು ಮಾಡಬೇಡಿ. ಮಗುವಿನ ಶೂ ಪಕ್ಕದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಮಗು ಒಂದೇ ಇದ್ದರೆ ಅಲ್ಲೇ ನಿಲ್ಲುತ್ತಿತ್ತು. ಹಿಂದೆ ನಿಮ್ಮ ಎಪ್ಪತ್ತು ಕೆಜಿ ತಳ್ಳುತ್ತಿರುತ್ತದಲ್ಲ, ಕಾಲು ತಿರುಚಿ ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಡುತ್ತದೆ. ಮೂಳೆ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತಿರುವ ಕೇಸು. ಒಬ್ಬನೇ ಜಾರಲು ಬಾರದ ಮಗುವಿಗೆ ಜಾರುಬಂಡಿಯ ವಯಸ್ಸು ಇನ್ನೂ ಬಂದಿಲ್ಲ ಅಂತ ಅರ್ಥ. ಆರು ತಿಂಗಳು ಬಿಟ್ಟು ಬನ್ನಿ. ಜಾರುಬಂಡಿ ಎಲ್ಲೂ ಹೋಗುವುದಿಲ್ಲ. ಹಾಗೇ ಕೊರಳಲ್ಲಿ ತಾಯಿತದ ದಾರ, ಸರ, ಹೆಗಲ ಮೇಲಿನ ವೇಲು ಏನಿದ್ದರೂ ಮೊದಲು ತೆಗೆದಿಡಿ. ಮೇಲಿನ ಕಂಬಿಗೆ ಸಿಕ್ಕಿಕೊಂಡರೆ ಕಷ್ಟ.

ಜೋಕಾಲಿಯ ಮೇಲಿನ ಕೊಂಡಿ ಒಂದು ಕಡೆ ಅರ್ಧ ಸವೆದಿದೆ. ಎಡಗಡೆಯದು. ಬಲಗಡೆಯದರಲ್ಲಿ ಕೂರಿಸಿ. ಹಲಗೆ ಮರದ್ದು, ಅಂಚು ಗಟ್ಟಿ. ಆಡುತ್ತಿರುವ ಜೋಕಾಲಿಯ ಮುಂದೆ ಓಡಿ ಹೋಗುವುದು ಮೂರು ವರ್ಷದವರ ಹವ್ಯಾಸ. ಒಬ್ಬರು ಜೋಕಾಲಿ ತೂಗಿದರೆ ಇನ್ನೊಬ್ಬರು ಚಿಕ್ಕವನ ಕೈ ಹಿಡಿದಿರಬೇಕು. ಇಬ್ಬರು ಮಕ್ಕಳಿಗೆ ಒಬ್ಬರೇ ದೊಡ್ಡವರು ಹೋಗಿದ್ದರೆ ಜೋಕಾಲಿ ಸುದ್ದಿಗೆ ಹೋಗದಿರುವುದು ವಾಸಿ. ಸೀಸಾ ನೆಲಕ್ಕೆ ಬಡಿಯುತ್ತದೆ. ಎರಡೂ ತುದಿ ಕೆಳಗೆ ಹಳೇ ಟೈರು ಅರ್ಧ ಹೂತರೆ ಸರಿಹೋಗುತ್ತದೆ. ಯಾವ ಪಂಕ್ಚರ್ ಅಂಗಡಿಯವರೂ ಸುಮ್ನೆ ಕೊಡುತ್ತಾರೆ.

ಇಷ್ಟೆಲ್ಲ ಬೈದು ಮೂರೂವರೆ ಯಾಕೆ ಕೊಟ್ಟೆ ಅಂದರೆ, ಉದ್ದ ಜಿಗಿತದ ಗುಂಡಿಗಾಗಿ.

ನಿಯಮದ ಪ್ರಕಾರ ಆ ಗುಂಡಿ ಕನಿಷ್ಠ 2.75 ಮೀಟರ್ ಅಗಲ ಇರಬೇಕು. ಇಲ್ಲಿ ಅಷ್ಟಿಲ್ಲ. ತಾಲ್ಲೂಕು ಕ್ರೀಡಾಕೂಟಕ್ಕೆ ಇದು ನಡೆಯದು. ಆದರೆ ಮೂರು ತುಂಬದ ಗುಂಡನಿಗೆ ಅದೇ ಸಮುದ್ರ. ಪ್ಲಾಸ್ಟಿಕ್ ಬಕೆಟ್ಟು ಸೆಟ್ಟು ಏನೂ ಕೊಳ್ಳಬೇಡಿ. ತೆಂಗಿನ ಕರಟ ಎರಡು, ಕಿತ್ತುಹೋದ ಟೀ ಸೋಸುವ ಜಾಲರಿ, ಹಿಡಿ ಮುರಿದ ಸೌಟು. ನಮ್ಮ ಚೀಲದಲ್ಲಿ ಇರುವುದು ಇಷ್ಟೇ. ಬಿಸಿಯೂಟದ ಕೈ ತೊಳೆಯುವ ನಲ್ಲಿಯಿಂದ ಒಂದು ಬಾಟಲಿ ನೀರು ತಂದರೆ ಮುಗಿಯಿತು, ಮುಕ್ಕಾಲು ಗಂಟೆ ನಿಮ್ಮನ್ನು ಯಾರೂ ಕರೆಯುವುದಿಲ್ಲ. ಚಿನ್ನಿ ಹದ ಕಂಡುಹಿಡಿದಿದ್ದಾಳೆ. ನೀರು ಕಮ್ಮಿಯಾದರೆ ಇಡ್ಲಿ ಒಡೆಯುತ್ತದೆ, ಜಾಸ್ತಿಯಾದರೆ ಕರಟದಿಂದ ಬಿಡುವುದಿಲ್ಲ. ಗುಂಡ ಇಡ್ಲಿ ಮಾಡುವುದಿಲ್ಲ. ಅವಳು ಮಾಡಿದ್ದನ್ನು ತುಳಿಯುತ್ತಾನೆ. ಜಗಳ ಆಗುತ್ತದೆ. ನಾನು ಬಿಡಿಸಲು ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಅವನಿಗೆ ತುಳಿಯಲು ಬೇರೆ ಇಡ್ಲಿ ಅಂತ ಒಂದು ಸಾಲು ಮಾಡಿ ಕೊಟ್ಟಳು. ನಾನು ಹೇಳಿದ್ದರೆ ಆಗುತ್ತಿರಲಿಲ್ಲ.

ಗುಂಡಿಗೆ ಇಳಿಸುವ ಮುಂಚೆ ಕೋಲಿನಿಂದ ಒಮ್ಮೆ ಕೆದಕಿ ನೋಡಿ. ಬೆಕ್ಕುಗಳಿಗೂ ಆ ಮರಳು ಇಷ್ಟ. ಯಾವ ಕೆಲಸಕ್ಕೆ ಅಂತ ಹೇಳಬೇಕಿಲ್ಲ. ಮನೆಗೆ ಹೋದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಉಗುರು ಸಂದಿಯೂ ಸೇರಿ. ಹಳೇ ಟಾರ್ಪಾಲು ಹೊದಿಸಿದರೆ ಈ ಕಾಟವೇ ಇರುವುದಿಲ್ಲ. ಟಾರ್ಪಾಲು ನಮ್ಮ ಮನೆಯಲ್ಲೇ ಇದೆ. ತಂದು ಕೊಟ್ಟರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ ಎನ್ನುತ್ತಾನೆ ಅಳಿಯ.

ಗುಂಡಿಯ ಪಕ್ಕದಲ್ಲೇ ಖೋ ಖೋ ಅಂಕಣ. ಎರಡು ಕಂಬ ನೆಟ್ಟಿದ್ದಾರೆ. ನಾನು ಹೆಜ್ಜೆ ಹಾಕಿ ಅಳೆದೆ. ಅಭ್ಯಾಸ, ಬಿಡುವುದಿಲ್ಲ. ದೊಡ್ಡವರ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ ಇರುತ್ತದೆ. ಇಲ್ಲಿ ಅದಕ್ಕಿಂತ ಚಿಕ್ಕದು, ಶಾಲೆ ಮಕ್ಕಳಿಗೆ ಸರಿಯಾಗಿದೆ. ಕಂಬ ನಯವಾಗಿದೆ, ಸೀಳು ಇಲ್ಲ. ಚಿನ್ನಿಗೆ ಕಂಬ ಹಿಡಿದು ಸುತ್ತುವುದು ಕಲಿಸಿದ್ದೇನೆ. ಒಂದು ಕೈಯಲ್ಲಿ ಕಂಬ, ಮೈ ಹೊರಗೆ ವಾಲಿಸಿ, ಕಾಲು ಹತ್ತಿರ. ಗುಂಡ ಸುಮ್ನೆ "ಖೋ, ಖೋ" ಎಂದು ಕೂಗುತ್ತಾ ಓಡುತ್ತಾನೆ, ಅವನಿಗೆ ಅದೇ ಆಟ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಗಂಡಸರ ಕಪ್ಪೂ ಹೆಂಗಸರ ಕಪ್ಪೂ ನಮಗೇ ಬಂದವು. ಹೆಂಗಸರ ತಂಡದಲ್ಲಿ ತಿ. ನರಸೀಪುರ ಕಡೆಯ ಕುರುಬೂರಿನ ಹುಡುಗಿ ಚೈತ್ರಾ ಇದ್ದಳು. ಆಗ ನಮ್ಮ ಓಣಿಯಲ್ಲಿ ಟಿವಿ ಮುಂದೆ ಕೂತು ಕೂಗಿದ್ದು ನಾನೊಬ್ಬಳೇ ಇರಬೇಕು. ಕ್ರಿಕೆಟ್ ಆಗಿದ್ದರೆ ಪಟಾಕಿ ಹೊಡೆಯುತ್ತಿದ್ದರು.

ಕ್ರಿಕೆಟ್ ಅಂದಾಗ ನೆನಪಾಯಿತು. ಮೈದಾನದ ಮುಕ್ಕಾಲು ಭಾಗ ದೊಡ್ಡ ಹುಡುಗರದು. ಹದಿನಾರು, ಹದಿನೇಳು ವರ್ಷದವರು. ಟೆನಿಸ್ ಬಾಲ್ ಆದರೆ ಚಿಂತೆಯಿಲ್ಲ. ಭಾನುವಾರ ಬೆಟ್ಟಿಂಗ್ ಮ್ಯಾಚಿಗೆ ಕಾರ್ಕ್ ಬಾಲ್ ತರುತ್ತಾರೆ. ಆ ದಿನ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಒಮ್ಮೆ ಒಬ್ಬ ಹುಡುಗ ನನ್ನ ಹತ್ತಿರ ಬಂದು, "ಅಜ್ಜಿ, ಸಣ್ಣ ಹುಡುಗ್ರನ್ನ ಕರ್ಕೊಂಡು ಆ ಕಡೆ ಹೋಗ್ರಿ, ಬೌಂಡ್ರಿಗೆ ಅಡ್ಡ ಆಗ್ತೀರಿ" ಎಂದ. ನನ್ನ ಹತ್ತಿರ ಸೀಟಿ ಯಾವಾಗಲೂ ಇರುತ್ತದೆ. ಊದಿದೆ. ಹನ್ನೊಂದೂ ಜನ ನಿಂತರು. ಸೀಟಿಗೆ ಇರುವ ಬೆಲೆ ಅಜ್ಜಿಗೆ ಇಲ್ಲ! ಮಾತಾಡಿ ಒಪ್ಪಂದ ಮಾಡಿಕೊಂಡೆವು. ಹೊಂಗೆ ಮರದಿಂದ ಧ್ವಜಸ್ತಂಭದವರೆಗೆ ಗೆರೆ. ಅದರ ಈಚೆ ಬಂದ ಚೆಂಡಿಗೆ ರನ್ ಇಲ್ಲ, ಹೊಡೆದವನು ಔಟ್. ಈಗ ಯಾರೂ ಈ ಕಡೆ ಹೊಡೆಯುವುದೇ ಇಲ್ಲ. ಹೆಸರು ಹಿಡಿದು ಕರೆಯುವಷ್ಟು ಪರಿಚಯ ಆಗಿದೆ. ಗುಂಡ ಗೆರೆ ದಾಟಿದರೆ ಲಾಂಗ್ ಆನ್‌ನಲ್ಲಿ ನಿಂತವನೇ ಎತ್ತಿಕೊಂಡು ಬಂದು ಕೊಡುತ್ತಾನೆ.

ಆ ಹೊಂಗೆ ಮರ ಇಲ್ಲದಿದ್ದರೆ ಈ ಮೈದಾನಕ್ಕೆ ನಾನು ಎರಡು ಅಂಕ ಕೊಡುತ್ತಿದ್ದೆ. ಸುತ್ತ ಕಲ್ಲಿನ ಕಟ್ಟೆ. ಸುಡು ಬೇಸಿಗೆಯಲ್ಲೇ ಹೊಸ ಎಲೆ ಬಿಟ್ಟು ನೆರಳು ಕೊಡುವ ಮರ ಅದು. ಹೂವು ಉದುರಿದಾಗ ಕಟ್ಟೆಯ ಮೇಲೆಲ್ಲ ಚೆಲ್ಲಿರುತ್ತದೆ. ಒಣಗಿದ ಕಾಯಿ ಬಿದ್ದಾಗ ಮಕ್ಕಳು ಆರಿಸಿ ದೋಣಿ ಅಂತ ಆಡುತ್ತಾರೆ. ಆಡಲಿ, ಬೀಜ ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ.

ಅದಕ್ಕಿಂತ ದೊಡ್ಡ ಎಚ್ಚರಿಕೆ ಧ್ವಜಸ್ತಂಭದ ಸುತ್ತ ಇರುವ ಗಿಡಗಳ ಬಗ್ಗೆ. ಕಣಗಿಲೆ. ಕೆಂಪು, ಬಿಳಿ, ಸಾಲಾಗಿ ಹಾಕಿದ್ದಾರೆ. ನೀರು ಕೇಳುವುದಿಲ್ಲ, ದನ ತಿನ್ನುವುದಿಲ್ಲ, ವರ್ಷವಿಡೀ ಹೂವು. ಅದಕ್ಕೇ ಎಲ್ಲ ಶಾಲೆಯಲ್ಲೂ ಇದೇ ಗಿಡ. ದನ ಯಾಕೆ ತಿನ್ನುವುದಿಲ್ಲ ಅಂತ ಯಾರೂ ಯೋಚನೆ ಮಾಡುವುದಿಲ್ಲ. ಎಲೆ, ಹೂವು, ಕಡ್ಡಿ, ಎಲ್ಲವೂ ವಿಷ. ಹೃದಯದ ಬಡಿತಕ್ಕೇ ಪೆಟ್ಟು. ಅಡುಗೆ ಆಟ ಆಡುವ ಮಕ್ಕಳಿಗೆ ಅದರ ಎಲೆ ಸೊಪ್ಪಿನ ಹಾಗೆ ಕಾಣುತ್ತದೆ. ಚಿನ್ನಿಗೆ ಗಿಡ ತೋರಿಸಿ ಹೇಳಿಕೊಟ್ಟಿದ್ದೇನೆ. ಗುಂಡನಿಗೆ ಹೇಳಿ ಪ್ರಯೋಜನವಿಲ್ಲ, ಕಣ್ಣಿಟ್ಟಿರಬೇಕು. ಈ ಸಾಲು ಕಿತ್ತು ದಾಸವಾಳ ಹಾಕಿಸಿ ಎಂದು ಹೆಡ್‌ಮಾಸ್ಟರಿಗೆ ಬರೆದು ಕೊಟ್ಟಿದ್ದೇನೆ. ದಾಸವಾಳದ ಕಡ್ಡಿ ನಾನೇ ಕೊಡುತ್ತೇನೆ.

ಶೌಚಾಲಯ. ಇದೆ, ಚೆನ್ನಾಗಿಯೂ ಇದೆಯಂತೆ. ಶಾಲೆ ಬಿಟ್ಟ ಮೇಲೆ ಬೀಗ. ಬೀಗ ಹಾಕದಿದ್ದರೆ ರಾತ್ರಿಯವರು ನಲ್ಲಿ ಕಿತ್ತುಕೊಂಡು ಹೋಗುತ್ತಾರೆ ಎನ್ನುತ್ತಾರೆ. ಅದೂ ನಿಜ ಇರಬಹುದು. ಆದರೆ ಎರಡು ಮೂರು ವರ್ಷದ ಮಗು "ಅಜ್ಜಿ ಸುಸ್ಸು" ಎಂದ ಮೇಲೆ ನಮಗೆ ಸಿಗುವ ಸಮಯ ಎಷ್ಟು ಅಂತ ಮಕ್ಕಳನ್ನು ಸಾಕಿದವರಿಗೆಲ್ಲ ಗೊತ್ತು. ಗಂಡು ಮಗುವಿಗೆ ಹೇಗೋ ಗೋಡೆ ಮೂಲೆ. ಹೆಣ್ಣು ಮಗುವಿಗೆ, ಜೊತೆಗೆ ಬಂದ ಬಸುರಿ ತಾಯಿಗೆ, ಸಕ್ಕರೆ ಕಾಯಿಲೆಯ ನನ್ನಂಥವಳಿಗೆ? ಸಣ್ಣ ಗೇಟಿನ ಬೀಗದ ಕೈ ಇರುವ ಮನೆಯಲ್ಲೇ ಇದೊಂದು ಕೈಯನ್ನೂ ಇಟ್ಟರೆ ಆಯಿತು. ಕುಡಿಯುವ ನೀರು ಮನೆಯಿಂದಲೇ ತನ್ನಿ. ನಲ್ಲಿ ನೀರು ಕೈ ತೊಳೆಯಲು ಮಾತ್ರ.

ಮಗಳು ಒಮ್ಮೆ ಇಬ್ಬರನ್ನೂ ಕಾಂಪ್ಲೆಕ್ಸಿನ ಒಳಗಿನ ಪ್ಲೇ ಏರಿಯಾಕ್ಕೆ ಕರೆದುಕೊಂಡು ಹೋದಳು. ನಾನೂ ಹೋದೆ. ಗಂಟೆ ಲೆಕ್ಕ, ಇಬ್ಬರಿಗೂ ಟಿಕೆಟ್ಟು, ಅವರೇ ಮಾರುವ ಸಾಕ್ಸು ಕಡ್ಡಾಯ, ಕೂತು ನೋಡುವ ನನಗೂ ದುಡ್ಡು. ನೆಲವೆಲ್ಲ ಮೆತ್ತೆ. ಬಿದ್ದರೆ ಪೆಟ್ಟಾಗುವುದಿಲ್ಲ, ಆ ಮಟ್ಟಿಗೆ ಒಳ್ಳೆಯದೇ. ಮಳೆಗಾಲದಲ್ಲಿ ಉಪಯೋಗ. ಆದರೆ ಅಲ್ಲಿ ಪ್ರತಿಯೊಂದು ಸಾಮಾನಿಗೂ ಒಂದೇ ಆಟ. ಚೆಂಡಿನ ತೊಟ್ಟಿಯಲ್ಲಿ ಚೆಂಡು ಎಸೆಯಬೇಕು, ಸುರಂಗದಲ್ಲಿ ತೂರಬೇಕು, ಸಮಯ ಆಯಿತು ಎಂದು ಕೂಗಿದಾಗ ಅಳುತ್ತಾ ಹೊರಗೆ ಬರಬೇಕು. ಕುಂದವಾಡ ಕೆರೆ ಹತ್ತಿರದ ಗಾಜಿನ ಮನೆ ನೋಡಲು ಬಹಳ ಚೆಂದ. ನೆಂಟರು ಬಂದಾಗ ಕರೆದುಕೊಂಡು ಹೋಗುತ್ತೇವೆ. ದಿನಾ ಸಂಜೆ ಗುಂಡಿ ತೋಡುವ ಜಾಗ ಅದಲ್ಲ. ಬಡಾವಣೆ ಪಾರ್ಕಿನಲ್ಲಿ ವಾಕಿಂಗ್ ಹಿರಿಯರದೇ ರಾಜ್ಯ. ಮಗು ಅಡ್ಡ ಓಡಿದರೆ ಮುಖ ಗಂಟು. ನನ್ನ ವಾರಗೆಯವರೇ, ಏನು ಹೇಳಲಿ.

ಈಗ ಸರ್ಕಾರಿ ಶಾಲೆಗಳಲ್ಲೂ ಎಲ್‌ಕೆಜಿ, ಯುಕೆಜಿ ಶುರುವಾಗುತ್ತಿವೆ. ನಾಲ್ಕು ವರ್ಷದವರು ಇದೇ ಮೈದಾನಕ್ಕೆ ಬರುತ್ತಾರೆ. ಆದರೆ ಸಾಮಾನು ಎಲ್ಲ ಐದನೇ ಕ್ಲಾಸಿನ ಅಳತೆಯಲ್ಲಿದೆ. ಜಾರುಬಂಡಿಯ ಮೆಟ್ಟಿಲು ಹತ್ತಲು ಗುಂಡ ಮೊಣಕಾಲು ಊರಬೇಕು. ದಾನಿಗಳು ಯಾರಾದರೂ ಓದುತ್ತಿದ್ದರೆ ಹೇಳುತ್ತೇನೆ. ನಿಮ್ಮ ಹೆಸರು ಬರೆಸಿದ ಹೊಸ ತಗಡಿನ ಜಾರುಬಂಡಿ ಬೇಡ. ಎರಡು ಟ್ರ್ಯಾಕ್ಟರ್ ಮರಳು ಹೊಡೆಸಿ. ಮರಳಿನ ಮೇಲೆ ಹೆಸರು ಬರೆಸಲು ಬರುವುದಿಲ್ಲ, ಅದೊಂದು ತೊಂದರೆ.

ಯಾವಾಗ ಹೋಗಬೇಕು ಅಂದರೆ, ವಾರದ ದಿನ ಐದೂವರೆಯಿಂದ ಕತ್ತಲಾಗುವವರೆಗೆ. ಶನಿವಾರ ಅರ್ಧ ದಿನ ಶಾಲೆ, ಆದರೂ ಮಧ್ಯಾಹ್ನ ಬೇಡ, ಬಿಸಿಲು. ಏಪ್ರಿಲ್, ಮೇ ರಜೆಯಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತು ಎಲ್ಲಕ್ಕಿಂತ ಒಳ್ಳೆಯ ಹೊತ್ತು. ಚುನಾವಣೆ ಬಂದಾಗ ಇಲ್ಲೇ ಮತಗಟ್ಟೆ, ಎರಡು ಮೂರು ದಿನ ಮರೆತುಬಿಡಿ. ಗಣೇಶನ ಹಬ್ಬದಲ್ಲಿ ಪೆಂಡಾಲಿನ ಮೊಳೆ ಬಿದ್ದಿರುತ್ತವೆ, ಹಬ್ಬ ಮುಗಿದ ಒಂದು ವಾರ ಬಿಟ್ಟು ಹೋಗಿ. ಸಂಜೆ ಗೇಟಿನ ಹೊರಗೆ ಮಂಡಕ್ಕಿ ಮಿರ್ಚಿ ಗಾಡಿ ನಿಲ್ಲುತ್ತದೆ. ಮಂಡಕ್ಕಿಗೆ ಖಾರ ಹಾಕಬೇಡಪ್ಪಾ ಎಂದರೆ ಮಕ್ಕಳಿಗೆ ಬೇರೆ ಕಲಸಿ ಕೊಡುತ್ತಾನೆ. ಮಂಗಳವಾರ ಅವನು ಬರುವುದಿಲ್ಲ, ಆ ದಿನ ಮನೆಯಿಂದ ಏನಾದರೂ ಕಟ್ಟಿಕೊಂಡು ಹೋಗಿ.